‘ಇಲ್ಲ’ ಎನ್ನುವ ಮೊದಲು: ಅಂಚೆ ಸರ್ವರಿನ ಕೋಷ್ಟಕಗಳು

ಪ್ರವೇಶಪತ್ರ, ವಿದ್ಯಾರ್ಥಿವೇತನದ ಸೂಚನೆ, ಸಂದರ್ಶನದ ಕರೆ ಇವೆಲ್ಲ ಈಗ ಹೆಚ್ಚಾಗಿ ಇ-ಮೇಲ್ ಮೂಲಕವೇ ಬರುತ್ತವೆ. ಬರಬೇಕಾದ ಪತ್ರ ಬರದಿದ್ದರೆ ನಾವು ಮೊದಲು ದೂರುವುದು ನೆಟ್‌ವರ್ಕನ್ನು. ಆದರೆ ಕೆಲವೊಮ್ಮೆ ನಡೆದಿರುವುದೇ ಬೇರೆ. ಪತ್ರ ಸರಿಯಾದ ಬಾಗಿಲಿಗೇ ಬಂದಿರುತ್ತದೆ. ಬಾಗಿಲಲ್ಲಿರುವ ಯಂತ್ರ ತನ್ನ ಪಟ್ಟಿಯನ್ನು ನೋಡಿ, “ಈ ಹೆಸರಿನವರು ಇಲ್ಲಿ ಇಲ್ಲ” ಎಂದು ಹಿಂದಕ್ಕೆ ಕಳಿಸಿರುತ್ತದೆ. ನೀವೋ ಒಳಗೇ ಕುಳಿತು ಕಾಯುತ್ತಿರುತ್ತೀರಿ.

ಆ ಪಟ್ಟಿ ಯಾವುದು? ಯಂತ್ರ ಅದನ್ನು ಓದುವುದು ಹೇಗೆ? ಇರುವವರನ್ನು ‘ಇಲ್ಲ’ ಎಂದು ಅದು ಹೇಳುವುದಾದರೂ ಹೇಗೆ? ಇದು ಇಂದಿನ ಭಾಷಣದ ವಿಷಯ.

ಅಂಚೆ ಸರ್ವರ್ ಎಂದರೆ ಇ-ಮೇಲ್‌ಗಳನ್ನು ಸ್ವೀಕರಿಸಿ, ವಿಂಗಡಿಸಿ, ಮುಂದಕ್ಕೆ ಸಾಗಿಸುವ ತಂತ್ರಾಂಶ. ಎರಡು ಅಂಚೆ ಸರ್ವರ್‌ಗಳು ತಮ್ಮೊಳಗೆ ಆಡುವ ಭಾಷೆಗೆ ಎಸ್‌ಎಂಟಿಪಿ ಎಂದು ಹೆಸರು. ಜಾನ್ ಪೋಸ್ಟೆಲ್ ಅವರು 1982ರ ಆಗಸ್ಟ್‌ನಲ್ಲಿ ಪ್ರಕಟಿಸಿದ ನಿಯಮಾವಳಿಯೇ ಅದಕ್ಕೆ ತಳಹದಿ. ಈ ಭಾಷೆಯಲ್ಲಿ ಉತ್ತರಗಳೆಲ್ಲ ಮೂರಂಕಿಯ ಸಂಖ್ಯೆಗಳು, ಮತ್ತು ಮೊದಲ ಅಂಕಿಯಲ್ಲೇ ಅರ್ಥ ಅಡಗಿದೆ. 2ರಿಂದ ಆರಂಭವಾದರೆ “ಆಯಿತು”. 4ರಿಂದ ಆರಂಭವಾದರೆ “ಈಗ ಆಗದು, ಆಮೇಲೆ ಬಾ”. 5ರಿಂದ ಆರಂಭವಾದರೆ “ಆಗದು, ಮತ್ತೆ ಬರಬೇಡ”.

ಕೊನೆಯ ಎರಡು ಉತ್ತರಗಳ ನಡುವಿನ ವ್ಯತ್ಯಾಸವನ್ನು ಚೆನ್ನಾಗಿ ಗಮನಿಸಿ. 4 ಎಂಬ ಉತ್ತರ ಸಿಕ್ಕರೆ, ಕಳಿಸಿದ ಸರ್ವರ್ ಪತ್ರವನ್ನು ತನ್ನ ಸರದಿಯಲ್ಲಿ ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ನಾವು ಇಂದು ನೋಡಲಿರುವ ತಂತ್ರಾಂಶ, ಬೇರೆ ಸೂಚನೆ ಇಲ್ಲದಿದ್ದರೆ, 5 ದಿನಗಳವರೆಗೆ ಹೀಗೆ ಬಾಗಿಲು ತಟ್ಟುತ್ತದೆ. 5 ಎಂಬ ಉತ್ತರ ಸಿಕ್ಕರೆ ಪತ್ರ ಆಗಲೇ ಕಳಿಸಿದವರ ಬಳಿಗೆ ಮರಳುತ್ತದೆ. ಮರಳಿದ್ದನ್ನು ಯಾರಾದರೂ ನೋಡಿದರೆ ಸರಿ. ಸಾವಿರಾರು ಜನಕ್ಕೆ ಒಟ್ಟಿಗೆ ಸೂಚನೆ ಕಳಿಸುವ ವಿಳಾಸಗಳನ್ನು ಅನೇಕ ಕಡೆ ಯಾರೂ ತೆರೆದು ನೋಡುವುದಿಲ್ಲ. ತಡವಾದ ಪತ್ರ ಇವತ್ತಲ್ಲ ನಾಳೆ ಸಿಗುತ್ತದೆ, ನಿರಾಕರಿಸಿದ ಪತ್ರ ಸಿಗುವುದಿಲ್ಲ. ಆದ್ದರಿಂದ ಸರ್ವರ್ ತನ್ನ ಪಟ್ಟಿಯನ್ನು ಪ್ರಶ್ನಿಸಿದಾಗ ‘ಇಲ್ಲ’ ಎಂಬ ಉತ್ತರ ಬಂತೋ, ‘ಸದ್ಯ ಹೇಳಲಾರೆ’ ಎಂಬ ಉತ್ತರ ಬಂತೋ ಎಂಬುದು ಬಹಳ ದೊಡ್ಡ ಮಾತು.

ಉದಾಹರಣೆಗೆ ನಾನು ಆರಿಸಿಕೊಂಡಿರುವುದು ಪೋಸ್ಟ್‌ಫಿಕ್ಸ್ ಎಂಬ ತಂತ್ರಾಂಶವನ್ನು. ಇದನ್ನು ಬರೆದವರು ವಿಟ್ಸೆ ವೆನೆಮಾ. ನೆದರ್‌ಲ್ಯಾಂಡ್ಸ್‌ನವರು, ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. (ವಿಜ್ಞಾನ ಓದಿ ಬೇರೆ ಕೆಲಸಕ್ಕೆ ಹೋದವರನ್ನು ಕಂಡರೆ ನನಗೆ ವಿಶೇಷ ಅಭಿಮಾನ. ಕಾರಣ ನಿಮಗೆ ಗೊತ್ತಾಗಿರಬೇಕು.) ಅಮೆರಿಕದ ಐಬಿಎಂ ಸಂಸ್ಥೆಯ ಥಾಮಸ್ ಜೆ. ವಾಟ್ಸನ್ ಸಂಶೋಧನಾ ಕೇಂದ್ರದಲ್ಲಿದ್ದಾಗ ಅವರು ಇದನ್ನು ರಚಿಸಿದರು. 1998ರ ಡಿಸೆಂಬರ್‌ನಲ್ಲಿ ಅದು ಸಾರ್ವಜನಿಕವಾಯಿತು. ಇದರ ಮೂಲಪಾಠ ಮುಕ್ತವಾಗಿದೆ. ಕಾಲೇಜಿನ ಗಣಕ ಪ್ರಯೋಗಾಲಯದ ಯಾವುದೇ ಲಿನಕ್ಸ್ ಯಂತ್ರದಲ್ಲಿ ನೀವೇ ಹಾಕಿ ನೋಡಬಹುದು.

ಪೋಸ್ಟ್‌ಫಿಕ್ಸ್ ತಾನಾಗಿ ಯಾರನ್ನೂ ಬಲ್ಲದು ಎಂದುಕೊಳ್ಳಬೇಡಿ. ಪ್ರತಿಯೊಂದು ತೀರ್ಮಾನಕ್ಕೂ ಅದು ಒಂದು ಕೋಷ್ಟಕವನ್ನು ಕೇಳುತ್ತದೆ. ಈ ವಿಳಾಸ ನಮ್ಮದೇ? ಈ ಹೆಸರಿಗೆ ಬಂದ ಪತ್ರ ಯಾರ ಪೆಟ್ಟಿಗೆಗೆ ಹೋಗಬೇಕು? ಈ ಯಂತ್ರದಿಂದ ಬರುವುದನ್ನು ಒಳಗೆ ಬಿಡಬಹುದೇ? ಕೋಷ್ಟಕ ನಿಮಗೆ ಹೊಸದಲ್ಲ. ಬಾಯಿಪಾಠ ಮಾಡಿದ ಮಗ್ಗಿ ಒಂದು ಕೋಷ್ಟಕ. ಏಳೆಂಟಲ ಎಂದರೆ ಐವತ್ತಾರು, ಅಲ್ಲಿ ಲೆಕ್ಕ ಮಾಡುವುದಿಲ್ಲ, ನೆನಪಿನಲ್ಲಿ ಹುಡುಕುತ್ತೇವೆ. ನಮ್ಮ ಪಿಯುಸಿ ದಿನಗಳ ಲಾಗರಿದಂ ಪುಸ್ತಕವೂ ಕೋಷ್ಟಕವೇ. ಎಡಗಡೆ ಹುಡುಕುಪದ, ಬಲಗಡೆ ಉತ್ತರ. ಸರ್ವರಿನ ಕೋಷ್ಟಕವೂ ಅಷ್ಟೇ: ಒಂದು ಹುಡುಕುಪದ ಕೊಟ್ಟರೆ ಒಂದು ಉತ್ತರ, ಇಲ್ಲದಿದ್ದರೆ ‘ಇಲ್ಲ’.

ಹಾಗಿದ್ದರೆ ಕೋಷ್ಟಕಗಳಲ್ಲಿ ಬಗೆಗಳು ಯಾಕೆ ಬೇಕು? ಕಾರಣ, ಹುಡುಕುವ ರೀತಿ ಒಂದೇ ಅಲ್ಲ. ಪೋಸ್ಟ್‌ಫಿಕ್ಸ್‌ನ ಸಂರಚನಾ ಕಡತದಲ್ಲಿ ಕೋಷ್ಟಕವನ್ನು ಹೆಸರಿಸುವಾಗ ಮೊದಲು ಅದರ ಬಗೆ, ಆಮೇಲೆ ಒಂದು ವಿವರಣಚಿಹ್ನೆ, ಆಮೇಲೆ ಕಡತವಿರುವ ಜಾಗ ಬರೆಯಬೇಕು. ‘ಹ್ಯಾಶ್: ಇಂಥ ಕಡತ’, ‘ರೆಜೆಕ್ಸ್‌ಪಿ: ಇಂಥ ಕಡತ’ ಎಂಬಂತೆ. ಆ ಮೊದಲ ಪದವನ್ನು ಅಲಂಕಾರವೆಂದು ತಿಳಿದು ಬದಲಿಸಿದರೆ ಕಡತ ಅದೇ ಇದ್ದರೂ ಉತ್ತರ ಬೇರೆಯಾಗುತ್ತದೆ.

ಹ್ಯಾಶ್ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಚಿತ್ರೀಕರಣದ ದಿನ ಫಲಕದ ಮೇಲೆ ಮಾಡಿ ತೋರಿಸಿದ ಲೆಕ್ಕವನ್ನೇ ಇಲ್ಲಿ ಬಿಡಿಸಿ ಬರೆಯುತ್ತೇನೆ.

ಹತ್ತು ಗೂಡುಗಳಿರುವ ಒಂದು ಕಪಾಟನ್ನು ಊಹಿಸಿಕೊಳ್ಳಿ. ಗೂಡುಗಳಿಗೆ 0ಯಿಂದ 9ರವರೆಗೆ ಸಂಖ್ಯೆ. ಒಂದು ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಅಕ್ಷರಮಾಲೆಯಲ್ಲಿ ಪ್ರತಿ ಅಕ್ಷರದ ಸ್ಥಾನವನ್ನು ಕೂಡಿಸಿ, 10ರಿಂದ ಭಾಗಿಸಿ, ಶೇಷ ಎಷ್ಟೋ ಆ ಗೂಡಿನಲ್ಲಿ ಹೆಸರನ್ನು ಇಡೋಣ. ಗೀತಾ ಹೆಸರಿನ ನಾಲ್ಕು ಅಕ್ಷರಗಳು ಜಿ, ಐ, ಟಿ, ಎ. ಸ್ಥಾನಗಳು 7, 9, 20, 1. ಮೊತ್ತ 37, ಶೇಷ 7. ಏಳನೆಯ ಗೂಡು. ಉಮಾ ಎಂದರೆ ಯು, ಎಂ, ಎ. 21, 13, 1. ಮೊತ್ತ 35, ಐದನೆಯ ಗೂಡು. ನಾಳೆ ಯಾರಾದರೂ “ಗೀತಾ ಇದ್ದಾಳೆಯೇ?” ಎಂದು ಕೇಳಿದರೆ ಪಟ್ಟಿಯನ್ನೆಲ್ಲ ಓದಬೇಕಾಗಿಲ್ಲ. ಅದೇ ಲೆಕ್ಕ ಮತ್ತೆ ಮಾಡಿ ನೇರವಾಗಿ ಏಳನೆಯ ಗೂಡಿಗೆ ಕೈ ಹಾಕಿದರಾಯಿತು. ಹೆಸರುಗಳು ನೂರಿರಲಿ, ಹತ್ತು ಸಾವಿರವಿರಲಿ, ಗೂಡುಗಳು ಸಾಕಷ್ಟಿದ್ದರೆ ಹುಡುಕುವ ಶ್ರಮ ಹೆಚ್ಚುಕಡಿಮೆ ಅಷ್ಟೇ.

ಹೇಮಾ ಬಂದಾಗ ತೊಡಕು. ಎಚ್ 8, ಇ 5, ಎಂ 13, ಎ 1. ಮೊತ್ತ 27, ಶೇಷ ಮತ್ತೆ 7. ಒಂದೇ ಗೂಡಿಗೆ ಇಬ್ಬರು. ಇದಕ್ಕೆ ಘರ್ಷಣೆ ಎನ್ನುತ್ತಾರೆ. ಗಾಬರಿಯಾಗಬೇಕಿಲ್ಲ, ಗೂಡಿನಲ್ಲಿ ಪೂರ್ತಿ ಹೆಸರನ್ನೂ ಬರೆದಿಟ್ಟಿರುತ್ತೇವೆ, ಹೋಲಿಸಿ ನೋಡಿ ತೆಗೆದುಕೊಳ್ಳುತ್ತೇವೆ. ಈ ಉಪಾಯವನ್ನು 1953ರಷ್ಟು ಹಿಂದೆಯೇ ಐಬಿಎಂನ ಹ್ಯಾನ್ಸ್ ಪೀಟರ್ ಲೂನ್ ಅವರು ಒಂದು ಟಿಪ್ಪಣಿಯಲ್ಲಿ ಬರೆದಿದ್ದರು. ನಿಜವಾದ ಕೋಷ್ಟಕಗಳಲ್ಲಿ ಲೆಕ್ಕ ಇನ್ನಷ್ಟು ಕಲಸುಮೇಲೋಗರ. ಡೇನಿಯಲ್ ಬರ್ನ್‌ಸ್ಟೈನ್ ರೂಪಿಸಿದ ಸಿಡಿಬಿ ಎಂಬ ಬಗೆಯಲ್ಲಿ 5381ರಿಂದ ಆರಂಭಿಸಿ, ಪ್ರತಿ ಅಕ್ಷರಕ್ಕೂ 33ರಿಂದ ಗುಣಿಸಿ, ಅಕ್ಷರದ ಸಂಕೇತವನ್ನು ಅದರೊಂದಿಗೆ ಬೆರೆಸುತ್ತಾ ಹೋಗುತ್ತಾರೆ. ದೊಡ್ಡ ಕಡತದಲ್ಲೂ ಇರುವ ಹೆಸರನ್ನು ಹುಡುಕಲು ಸಾಮಾನ್ಯವಾಗಿ ಎರಡು ಸಲ ಡಿಸ್ಕ್ ಮುಟ್ಟಿದರೆ ಸಾಕು. ಇಲ್ಲದ ಹೆಸರಾದರೆ ಒಂದೇ ಸಲ.

ಆದರೆ ಹ್ಯಾಶ್‌ಗೆ ಒಂದು ಸ್ವಭಾವವಿದೆ: ಅದಕ್ಕೆ ‘ಸುಮಾರು’ ಎಂಬುದು ತಿಳಿಯದು. ಕೊನೆಯಲ್ಲಿ ಒಂದು ಅಕ್ಷರ ಹೆಚ್ಚಾದರೂ ಲೆಕ್ಕ ಬೇರೆ, ಗೂಡು ಬೇರೆ, ಉತ್ತರ ‘ಇಲ್ಲ’. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈ ಗೂಡುಗಳನ್ನು ಕಟ್ಟುವವರು ಯಾರು? ಮನುಷ್ಯರು ಬರೆಯುವುದು ಸಾದಾ ಪಠ್ಯ ಕಡತವನ್ನು. ಒಂದೊಂದು ಸಾಲಿನಲ್ಲಿ ಒಂದೊಂದು ಜೋಡಿ: ಹುಡುಕುಪದ, ಉತ್ತರ. ಅದನ್ನು ಓದಿ ಗೂಡುಗಳಿರುವ ಸೂಚಿಯನ್ನು ಕಟ್ಟುವುದು ‘ಪೋಸ್ಟ್‌ಮ್ಯಾಪ್’ ಎಂಬ ಆಜ್ಞೆ. ಸೂಚಿ ಬೇರೊಂದು ಕಡತವಾಗಿ ಪಕ್ಕದಲ್ಲಿ ಕೂರುತ್ತದೆ. ಸರ್ವರ್ ಓದುವುದು ಸೂಚಿಯನ್ನು, ನೀವು ಬರೆದ ಪಠ್ಯವನ್ನಲ್ಲ. ದೂರದರ್ಶನದವನಾದ ನನಗೆ ಇದು ಬೇಗ ಅರ್ಥವಾಗುತ್ತದೆ. ಟೇಪುಗಳ ಕಾಲದಲ್ಲಿ ಗ್ರಂಥಪಾಲಕರು ದಾಖಲೆ ಪುಸ್ತಕ ನೋಡಿ ಟೇಪು ತೆಗೆದುಕೊಡುತ್ತಿದ್ದರು. ಕಪಾಟಿನಲ್ಲಿ ಟೇಪು ಇದ್ದರೂ ಪುಸ್ತಕದಲ್ಲಿ ನಮೂದಾಗಿರದಿದ್ದರೆ ಉತ್ತರ, “ಇಲ್ಲ ಸಾರ್.”

ಸರ್ವರಿನಲ್ಲೂ ಇದೇ ಕಥೆ. ಹೊಸದಾಗಿ ಸೇರಿದ ವಿದ್ಯಾರ್ಥಿಯ ಹೆಸರನ್ನು ನಿರ್ವಾಹಕರು ಪಠ್ಯ ಕಡತದಲ್ಲಿ ಬರೆದು ಉಳಿಸುತ್ತಾರೆ. ತೆರೆದು ನೋಡಿದರೆ ಹೆಸರು ಕಣ್ಣೆದುರೇ ಇದೆ. ಪೋಸ್ಟ್‌ಮ್ಯಾಪ್ ಓಡಿಸಿಲ್ಲವಾದ್ದರಿಂದ ಸೂಚಿಯಲ್ಲಿ ಇಲ್ಲ. ಪತ್ರ ಬಂದಾಗ 550, ಅಂಥವರಿಲ್ಲ. ‘ಸೂಚಿ ಮೂಲ ಕಡತಕ್ಕಿಂತ ಹಳೆಯದು’ ಎಂಬ ಎಚ್ಚರಿಕೆಯನ್ನು ಪೋಸ್ಟ್‌ಫಿಕ್ಸ್ ದಿನಚರಿ ಕಡತದಲ್ಲಿ ಬರೆಯುತ್ತದೆ, ನಿಜ. ಆದರೆ ದಿನಚರಿ ಓದುವ ಅಭ್ಯಾಸ ಇರಬೇಕಲ್ಲ!

ಇನ್ನೊಂದು ಸೂಕ್ಷ್ಮವಿದೆ. ಸೂಚಿ ಕಟ್ಟುತ್ತಿರುವಾಗಲೇ ಡಿಸ್ಕ್ ತುಂಬಿಹೋದರೆ? ಹ್ಯಾಶ್ ಬಗೆಯಲ್ಲಿ ಪೋಸ್ಟ್‌ಮ್ಯಾಪ್ ಹಳೆಯ ಸೂಚಿಯ ಮೇಲೆಯೇ ಬರೆಯುತ್ತದೆ. ನಡುವೆ ನಿಂತರೆ ಹಳೆಯದೂ ಇಲ್ಲ, ಹೊಸದೂ ಇಲ್ಲ; ಅಂಚೆ ಕೆಲಸವೇ ನಿಲ್ಲುತ್ತದೆ. ಸಿಡಿಬಿ ಬಗೆಯಲ್ಲಿ ಈ ತೊಂದರೆ ಇಲ್ಲ. ಅದು ಹೊಸ ಸೂಚಿಯನ್ನು ಬೇರೆ ಹೆಸರಿನಲ್ಲಿ ಪೂರ್ತಿ ಕಟ್ಟಿ ಮುಗಿಸಿ, ಕೊನೆಗೆ ಒಂದೇ ಹೆಜ್ಜೆಯಲ್ಲಿ ಹೆಸರು ಬದಲಿಸುತ್ತದೆ. ಆ ಕ್ಷಣದವರೆಗೆ ಹಳೆಯದು, ಆಮೇಲೆ ಹೊಸದು, ನಡುವೆ ಅರೆಬರೆ ಸ್ಥಿತಿಯೇ ಇಲ್ಲ. ಹ್ಯಾಶ್ ಬಳಸುವ ಜಾಣರೂ ಬೇರೆ ಹೆಸರಿನಲ್ಲಿ ಕಟ್ಟಿ ಆಮೇಲೆ ಹೆಸರು ಬದಲಿಸುವ ಇದೇ ಉಪಾಯವನ್ನು ಕೈಯಿಂದ ಮಾಡುತ್ತಾರೆ. ವೇಗಕ್ಕಿಂತ ಹೆಚ್ಚಾಗಿ ಈ ಗುಣಕ್ಕಾಗಿಯೇ ಸಿಡಿಬಿ ನನಗೆ ಮೆಚ್ಚುಗೆ.

ಇತಿಹಾಸವನ್ನು ಬೇಗ ಮುಗಿಸುತ್ತೇನೆ. ಯುನಿಕ್ಸ್‌ನಲ್ಲಿ ಇಂಥ ಸೂಚಿಗಳ ಮೂಲಪುರುಷ, 1979ರಲ್ಲಿ ಕೆನ್ ಥಾಂಪ್ಸನ್ ಬರೆದ ಡಿಬಿಎಂ. ಪೋಸ್ಟ್‌ಫಿಕ್ಸ್‌ನ ‘ಹ್ಯಾಶ್’ ಮತ್ತು ‘ಬಿಟ್ರೀ’ ಬಗೆಗಳು ನಿಂತಿರುವುದು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿದ ಬರ್ಕ್ಲಿ ಡಿಬಿಯ ಮೇಲೆ. ಬಿಟ್ರೀ ಎಂಬುದು ಬೋಯಿಂಗ್ ಕಂಪನಿಯ ಪ್ರಯೋಗಾಲಯದಲ್ಲಿ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ ರೂಪಿಸಿ 1972ರಲ್ಲಿ ಲೇಖನವಾಗಿ ಪ್ರಕಟಿಸಿದ ರಚನೆ. ಅದರಲ್ಲಿ ಪದಗಳು ನಿಘಂಟಿನಂತೆ ಕ್ರಮವಾಗಿರುತ್ತವೆ. ಒಂದೊಂದು ಕವಲಿನಲ್ಲಿ ನೂರು ದಾರಿಗಳಿದ್ದರೆ ಎರಡೇ ಹೆಜ್ಜೆಯಲ್ಲಿ ಹತ್ತು ಸಾವಿರ ಪದಗಳಲ್ಲಿ ಒಂದನ್ನು ತಲುಪಬಹುದು. ಬರ್ಕ್ಲಿ ಡಿಬಿ 2006ರಲ್ಲಿ ಒರಾಕಲ್ ಕಂಪನಿಯ ಪಾಲಾಯಿತು. 2013ರಲ್ಲಿ ಒರಾಕಲ್ ಅದರ ಪರವಾನಗಿಯ ಷರತ್ತನ್ನು ಬದಲಿಸಿತು. ಆ ಮೇಲೆ ಹಲವು ಲಿನಕ್ಸ್ ವಿತರಣೆಗಳು ಅದನ್ನು ಕೈಬಿಡುತ್ತಾ ಬಂದಿವೆ. ಅಂಥ ಕಡೆ ‘ಹ್ಯಾಶ್’ ಎಂದು ಬರೆದರೆ ಪೋಸ್ಟ್‌ಫಿಕ್ಸ್‌ಗೆ ಅದು ಗೊತ್ತಿಲ್ಲದ ಬಗೆ. ಬದಲಿಗೆ ಎಲ್‌ಎಂಡಿಬಿ ಅಥವಾ ಸಿಡಿಬಿ ಬಳಸಬೇಕು. ನಿಮ್ಮ ಯಂತ್ರದಲ್ಲಿ ಯಾವ ಬಗೆಗಳಿವೆ ಎಂಬುದನ್ನು ‘ಪೋಸ್ಟ್‌ಕಾನ್ಫ್’ ಎಂಬ ಆಜ್ಞೆಗೆ ‘-ಎಂ’ ಸೇರಿಸಿ ಕೇಳಿದರೆ ಅದು ಪಟ್ಟಿ ಮಾಡಿ ಹೇಳುತ್ತದೆ.

ಹ್ಯಾಶ್‌ಗೆ ‘ಸುಮಾರು’ ತಿಳಿಯದು ಎಂದೆನಲ್ಲ. ಈ ಕೊರತೆಯನ್ನು ಪೋಸ್ಟ್‌ಫಿಕ್ಸ್ ಪ್ರಶ್ನೆಯನ್ನೇ ಬದಲಿಸಿ ತುಂಬಿಕೊಳ್ಳುತ್ತದೆ. ‘ಗೀತಾ@ಕಾಲೇಜು.ಉದಾಹರಣೆ’ ಎಂಬ ವಿಳಾಸಕ್ಕೆ ಪತ್ರ ಬಂತು ಎನ್ನಿ. ವರ್ಚುವಲ್ ಅಲಿಯಾಸ್ ಎಂಬ ಕೋಷ್ಟಕದಲ್ಲಿ ಮೊದಲು ಪೂರ್ತಿ ವಿಳಾಸವನ್ನು ಕೇಳುತ್ತದೆ. ‘ಇಲ್ಲ’ ಎಂದರೆ, ಆ ಡೊಮೈನ್ ತನ್ನದೇ ಊರಿನದಾಗಿದ್ದಲ್ಲಿ, ‘ಗೀತಾ’ ಎಂದಷ್ಟೇ ಕೇಳುತ್ತದೆ. ಅದೂ ಇಲ್ಲವಾದರೆ ‘@ಕಾಲೇಜು.ಉದಾಹರಣೆ’ ಎಂದು ಕೇಳುತ್ತದೆ. ವಿಶೇಷದಿಂದ ಸಾಮಾನ್ಯದ ಕಡೆಗೆ ಇಳಿಯುವ ಪ್ರಶ್ನೆಗಳು. ಸಾಲುಗಳು ಕಡತದಲ್ಲಿ ಯಾವ ಅನುಕ್ರಮದಲ್ಲಿವೆ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಮೂರನೆಯ ಪ್ರಶ್ನೆಗೆ ಉತ್ತರವಿರುವ ಸಾಲನ್ನು ಸೇರಿಸುವ ಆಸೆ ಅನೇಕರಿಗೆ. ಅದಿದ್ದರೆ ಯಾವ ಹೆಸರಿಗೆ ಬಂದ ಪತ್ರವೂ ಒಂದು ಪೆಟ್ಟಿಗೆಗೆ ಬೀಳುತ್ತದೆ, ಏನೂ ಕಳೆದುಹೋಗುವುದಿಲ್ಲ ಎಂಬ ಎಣಿಕೆ. ನನಗೆ ಇದು ಒಪ್ಪಿಗೆಯಿಲ್ಲ. ವಿಳಾಸದಲ್ಲಿ ಅಕ್ಷರ ತಪ್ಪಿಸಿ ಬರೆದವರಿಗೆ ಸರ್ವರ್ “ಆಯಿತು” ಎಂದು ಹೇಳಿಬಿಡುತ್ತದೆ. ಅವರು ನೆಮ್ಮದಿಯಾಗಿ ಮಲಗುತ್ತಾರೆ. ಪತ್ರ ಯಾರೂ ನೋಡದ ಪೆಟ್ಟಿಗೆಯಲ್ಲಿ, ರದ್ದಿ ಜಾಹೀರಾತುಗಳ ರಾಶಿಯಲ್ಲಿ ಕೊಳೆಯುತ್ತದೆ. ಇಂಥ ಸುಳ್ಳು ‘ಹೌದು’ಗಿಂತ ನಿಜವಾದ ‘ಇಲ್ಲ’ವೇ ವಾಸಿ, ಬರೆದವರು ತಿದ್ದಿಕೊಂಡು ಮತ್ತೆ ಕಳಿಸಬಹುದು.

ಈಗ ಎರಡನೆಯ ಕುಟುಂಬ: ನಮೂನೆಯ ಕೋಷ್ಟಕಗಳು. ರೆಜೆಕ್ಸ್‌ಪಿ ಮತ್ತು ಪಿಸಿಆರ್‌ಇ. ಇಲ್ಲಿ ಎಡಗಡೆ ಇರುವುದು ಪದವಲ್ಲ, ಪದದ ಚಹರೆ. ‘ಎರಡು ಅಂಕಿ, ಆಮೇಲೆ ಎರಡು ಅಕ್ಷರ, ಆಮೇಲೆ ಮೂರು ಅಂಕಿ’ ಎಂಬಂತೆ ಬರೆದು ಒಂದು ತರಗತಿಯ ನೋಂದಣಿ ಸಂಖ್ಯೆಗಳನ್ನೆಲ್ಲ ಒಂದೇ ಸಾಲಿನಲ್ಲಿ ಹಿಡಿಯಬಹುದು. ಪಿಸಿಆರ್‌ಇಯನ್ನು ಬರೆದವರು ಕೇಂಬ್ರಿಜ್‌ನ ಫಿಲಿಪ್ ಹೇಜಲ್. ಅವರು ರಚಿಸಿದ ಎಕ್ಸಿಮ್ ಎಂಬ ಇನ್ನೊಂದು ಅಂಚೆ ಸರ್ವರಿಗಾಗಿಯೇ ಅದು ಹುಟ್ಟಿತು. ಈಗ ಎಷ್ಟೋ ಬೇರೆ ತಂತ್ರಾಂಶಗಳ ಒಳಗೆ ಕುಳಿತಿದೆ.

ನಮೂನೆಯ ಕೋಷ್ಟಕದಲ್ಲಿ ನಿಯಮಗಳೆಲ್ಲ ತಲೆಕೆಳಗು. ಸರ್ವರ್ ಪ್ರಶ್ನೆಯನ್ನು ತುಂಡುಮಾಡಿ ಕೇಳುವುದಿಲ್ಲ. ಪೂರ್ತಿ ವಿಳಾಸವನ್ನು ಒಂದೇ ಸಲ ಕೇಳುತ್ತದೆ. ಕೋಷ್ಟಕ ಮೇಲಿನ ಸಾಲಿನಿಂದ ಕೆಳಕ್ಕೆ ಒಂದೊಂದಾಗಿ ಹೋಲಿಸುತ್ತಾ ಬಂದು, ಮೊದಲು ಹೊಂದಿದ ಸಾಲಿನ ಉತ್ತರವನ್ನು ಕೊಟ್ಟುಬಿಡುತ್ತದೆ. ಅನುಕ್ರಮವೇ ಇಲ್ಲಿ ಸರ್ವಸ್ವ. ಹತ್ತು ಸಾವಿರ ಸಾಲುಗಳಿದ್ದರೆ, ಇಲ್ಲದ ಹೆಸರಿಗೆ ಹತ್ತು ಸಾವಿರ ಹೋಲಿಕೆಗಳೂ ಆಗುತ್ತವೆ. ಆದ್ದರಿಂದ ಹೆಸರುಗಳ ಉದ್ದ ಪಟ್ಟಿಗೆ ಸೂಚಿ, ಕೆಲವೇ ನಿಯಮಗಳಿಗೆ ನಮೂನೆ ಎಂಬುದು ಸರಿಯಾದ ಹಂಚಿಕೆ.

ನಮೂನೆ ಬರೆಯುವಾಗ ಎಚ್ಚರ ತಪ್ಪಿದರೆ ಏನಾಗುತ್ತದೆ ನೋಡಿ. ರವಿ ಎಂಬವರಿಗೆ ಬಂದ ಪತ್ರವನ್ನು ಇನ್ನೊಂದು ಪೆಟ್ಟಿಗೆಗೆ ಕಳಿಸಲು ‘ರವಿ’ ಎಂದಷ್ಟೇ ಬರೆದರೆ, ರವಿಕುಮಾರ್, ರವಿಚಂದ್ರ ಎಲ್ಲರ ಪತ್ರಗಳೂ ಅಲ್ಲಿಗೆ ಹೋಗುತ್ತವೆ. ಅಷ್ಟೇ ಅಲ್ಲ, ‘ದ್ರಾವಿಡ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ನೋಡಿ: ಹೊಟ್ಟೆಯೊಳಗೆ ‘ರವಿ’ ಕುಳಿತಿದ್ದಾನೆ! ಹೆಸರಿನ ಆರಂಭಕ್ಕೆ ‘^’, ಕೊನೆಗೆ ‘$’ ಎಂಬ ಗೂಟಗಳನ್ನು ಹೊಡೆಯಬೇಕು. ಚುಕ್ಕಿಯ ವಿಷಯವೂ ಹಾಗೆಯೇ. ನಮೂನೆಯಲ್ಲಿ ಬರಿಯ ಚುಕ್ಕಿಗೆ ‘ಯಾವುದಾದರೂ ಒಂದು ಅಕ್ಷರ’ ಎಂಬ ಅರ್ಥ. ನಿಜವಾದ ಚುಕ್ಕಿಯೇ ಬೇಕಿದ್ದರೆ ಮುಂದೆ ‘\’ ಇಡಬೇಕು.

ನಮೂನೆಯ ಕಡತಕ್ಕೆ ಸೂಚಿ ಇಲ್ಲ. ಪೋಸ್ಟ್‌ಮ್ಯಾಪ್‌ನಿಂದ ಅದನ್ನು ಕಟ್ಟಬೇಕಾಗಿಲ್ಲ, ಕಟ್ಟಬಾರದು. ಕಟ್ಟಿ, ಮುಂದೆ ‘ಹ್ಯಾಶ್’ ಎಂದು ಬರೆದರೆ ಯಂತ್ರ ಕೂಗಾಡುವುದಿಲ್ಲ. ‘^’, ‘$’ ಚಿಹ್ನೆಗಳನ್ನೇ ಹೆಸರಿನ ಅಕ್ಷರಗಳೆಂದು ತಿಳಿದು ಗೂಡಿನಲ್ಲಿ ಇಟ್ಟುಕೊಳ್ಳುತ್ತದೆ. ಆ ಚಿಹ್ನೆಗಳ ಸಮೇತ ಯಾರೂ ಪತ್ರ ಬರೆಯುವುದಿಲ್ಲವಾದ್ದರಿಂದ ಎಲ್ಲ ಪ್ರಶ್ನೆಗೂ ಉತ್ತರ ಒಂದೇ: ಇಲ್ಲ. ಸದ್ದಿಲ್ಲದ ತಪ್ಪು ಎಂದರೆ ಇದು. ಅಂದಹಾಗೆ, ಸೂಚಿ ಬದಲಾದರೆ ಪೋಸ್ಟ್‌ಫಿಕ್ಸ್ ತಾನೇ ಗಮನಿಸುತ್ತದೆ. ನಮೂನೆಯ ಕಡತವನ್ನು ಮಾತ್ರ ಅದರ ಕೆಲಸದಾಳುಗಳು ಆರಂಭದಲ್ಲೊಮ್ಮೆ ಓದಿ ನೆನಪಿನಲ್ಲಿಟ್ಟುಕೊಳ್ಳುತ್ತವೆ. ತಿದ್ದಿದ್ದು ಕೂಡಲೇ ಜಾರಿಗೆ ಬರಬೇಕಾದರೆ ‘ರೀಲೋಡ್’ ಎಂದು ಹೇಳಬೇಕು.

ಸಿಐಡಿಆರ್ ಎಂಬುದು ಯಂತ್ರಗಳ ಅಂಕಿ ವಿಳಾಸಗಳಿಗೆ ಮೀಸಲಾದ ಬಗೆ. ನಮ್ಮ ಪಿನ್‌ಕೋಡನ್ನು ನೆನೆಸಿಕೊಳ್ಳಿ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಆರಂಕಿಯ ಸಂಖ್ಯೆಯಲ್ಲಿ ಎಡಗಡೆಯ ಅಂಕಿಗಳು ದೊಡ್ಡ ಪ್ರದೇಶವನ್ನೂ ಬಲಗಡೆಯವು ಸಣ್ಣದನ್ನೂ ಹೇಳುತ್ತವೆ. 56ರಿಂದ 59ರವರೆಗೆ ಆರಂಭವಾಗುವವು ಕರ್ನಾಟಕದವು. 560001 ಎಂದರೆ ಬೆಂಗಳೂರಿನ ಪ್ರಧಾನ ಅಂಚೆ ಕಚೇರಿ. ಯಂತ್ರದ ವಿಳಾಸದಲ್ಲೂ ಎಡಗಡೆ ಜಾಲ, ಬಲಗಡೆ ಆ ಜಾಲದೊಳಗಿನ ಯಂತ್ರ. ‘192.0.2.0/24’ ಎಂದು ಬರೆದರೆ, 32 ಬಿಟ್‌ಗಳ ವಿಳಾಸದಲ್ಲಿ ಮೊದಲ 24 ಹೊಂದಿದರೆ ಸಾಕು ಎಂದರ್ಥ. ಉಳಿದ 8 ಬಿಟ್‌ಗಳಲ್ಲಿ 256 ಯಂತ್ರಗಳು ಅಡಗುತ್ತವೆ. ಸೂಚಿಯ ಕೋಷ್ಟಕದಲ್ಲಾದರೆ ಪೋಸ್ಟ್‌ಫಿಕ್ಸ್ 192.0.2.5, ಆಮೇಲೆ 192.0.2, 192.0, 192 ಎಂದು ಚುಕ್ಕಿಯಿಂದ ಚುಕ್ಕಿಗೆ ಕತ್ತರಿಸಿ ಕೇಳುತ್ತದೆ. ಮೊದಲ 20 ಬಿಟ್‌ಗಳಷ್ಟೇ ಹೊಂದಬೇಕು ಎಂಬಂಥ ಗಡಿಯನ್ನು ಒಂದೇ ಸಾಲಿನಲ್ಲಿ ಹೇಳಲು ಸಿಐಡಿಆರ್ ಬೇಕು.

ಮೂರನೆಯ ಕುಟುಂಬದಲ್ಲಿ ಕೋಷ್ಟಕ ಇರುವುದು ಬೇರೆ ಯಂತ್ರದಲ್ಲಿ: ಎಲ್‌ಡಿಎಪಿ, ಮೈಎಸ್‌ಕ್ಯೂಎಲ್ ಮುಂತಾದವು. ದೊಡ್ಡ ವಿದ್ಯಾಸಂಸ್ಥೆಗಳಿಗೆ ಇದು ಅನುಕೂಲ. ಪ್ರವೇಶ ವಿಭಾಗದವರು ಹೆಸರು ಸೇರಿಸಿದ ಕೂಡಲೇ ಅಂಚೆಗೂ ಅದು ಗೊತ್ತಾಗುತ್ತದೆ, ಸೂಚಿ ಕಟ್ಟುವ ಗೋಜಿಲ್ಲ. ಆದರೆ ಆ ಯಂತ್ರಕ್ಕೆ ಹೋಗುವ ದಾರಿ ಕಡಿದುಹೋದರೆ? ಇಲ್ಲಿ ವೆನೆಮಾ ಅವರ ವಿವೇಕ ಕಾಣುತ್ತದೆ. ಉತ್ತರ ಸಿಗದಿದ್ದರೆ ಪೋಸ್ಟ್‌ಫಿಕ್ಸ್ ಅದನ್ನು ‘ಇಲ್ಲ’ ಎಂದು ಅರ್ಥಮಾಡಿಕೊಳ್ಳುವುದಿಲ್ಲ. 451 ಎನ್ನುತ್ತದೆ: ಹುಡುಕುವುದರಲ್ಲಿ ತಾತ್ಕಾಲಿಕ ತೊಡಕು, ಆಮೇಲೆ ಬನ್ನಿ. ರಾತ್ರಿಯೆಲ್ಲ ದಾರಿ ಕಡಿದಿದ್ದರೂ ಬೆಳಿಗ್ಗೆ ಪತ್ರಗಳು ತಲುಪುತ್ತವೆ.

ಈ ವಿವೇಕವನ್ನೂ ಮನುಷ್ಯರು ಸೋಲಿಸಬಲ್ಲರು. ವಿದ್ಯಾರ್ಥಿಗಳ ಪಟ್ಟಿಯನ್ನು ಹೊಸದಾಗಿ ತುಂಬಲೆಂದು ಯಾರೋ ರಾತ್ರಿ ಹಳೆಯ ಪಟ್ಟಿಯನ್ನು ಅಳಿಸಿ, ಹೊಸದನ್ನು ಒಂದೊಂದಾಗಿ ಸೇರಿಸುತ್ತಾರೆ ಎನ್ನಿ. ಆ ಹತ್ತು ನಿಮಿಷ ದತ್ತಸಂಚಯ ಜೀವಂತವಾಗಿದೆ, ದಾರಿ ಸರಿಯಾಗಿದೆ, ಕೇಳಿದ್ದಕ್ಕೆ ಪ್ರಾಮಾಣಿಕವಾಗಿ “ಅಂಥ ಸಾಲಿಲ್ಲ” ಎನ್ನುತ್ತದೆ. ಸರ್ವರ್ ನಂಬಿ 550 ಎನ್ನುತ್ತದೆ. ಆ ಹತ್ತು ನಿಮಿಷದಲ್ಲಿ ಬಂದ ಪತ್ರಗಳು ಹೋದವು. ಬೇರೆಡೆ ಪೂರ್ತಿ ಕಟ್ಟಿ ಒಂದೇ ಹೆಜ್ಜೆಯಲ್ಲಿ ಬದಲಿಸುವ ಸಿಡಿಬಿಯ ಉಪಾಯ ಇಲ್ಲಿಯೂ ಬೇಕಾದದ್ದೇ.

ಕನ್ನಡದ ವಿದ್ಯಾರ್ಥಿಗಳಿಗೆ ಸಂಬಂಧಿಸಿದ ಒಂದು ಸ್ವಾರಸ್ಯವನ್ನು ಬಿಡಲಾರೆ. ಇ-ಮೇಲ್ ವಿಳಾಸವನ್ನು ಇಂಗ್ಲಿಷೇತರ ಲಿಪಿಗಳಲ್ಲೂ ಬರೆಯುವ ನಿಯಮ 2012ರಲ್ಲಿ ಪ್ರಕಟವಾಯಿತು. ಪೋಸ್ಟ್‌ಫಿಕ್ಸ್ 2015ರ 3.0 ಆವೃತ್ತಿಯಿಂದ ಅದನ್ನು ಪಾಲಿಸುತ್ತದೆ. ಕನ್ನಡ ಲಿಪಿಯ ‘.ಭಾರತ’ ಎಂಬ ಡೊಮೈನ್ ಕೂಡ ಇದೆ. ಇಂಗ್ಲಿಷ್ ದೊಡ್ಡಕ್ಷರ, ಸಣ್ಣಕ್ಷರಗಳ ಭೇದವನ್ನು ಪೋಸ್ಟ್‌ಫಿಕ್ಸ್ ಹುಡುಕುವ ಮೊದಲೇ ಅಳಿಸಿಹಾಕುತ್ತದೆ. ನಮ್ಮ ಲಿಪಿಯಲ್ಲಿ ಆ ಭೇದವಿಲ್ಲ, ಆದರೆ ಬೇರೊಂದು ಬಲೆಯಿದೆ. ‘ಹೊನ್ನಮ್ಮ’ ಎಂಬ ಹೆಸರಿನ ‘ಹೊ’ ಅಕ್ಷರವನ್ನು ನೋಡಿ. ಯುನಿಕೋಡ್‌ನಲ್ಲಿ ಒ-ಕಾರದ ಗುರುತಿಗೆ ಒಂದು ಸಂಕೇತವಿದೆ. ಎ-ಕಾರದ ಗುರುತಿನ ಪಕ್ಕದಲ್ಲಿ ಊ-ಕಾರದ ಗುರುತನ್ನು ಇಟ್ಟರೂ ಅದೇ ಆಗುತ್ತದೆ. ನಾವು ಕೈಯಲ್ಲಿ ಬರೆಯುವುದೂ ಹೀಗೆಯೇ ಅಲ್ಲವೇ? ಪರದೆಯ ಮೇಲೆ ಎರಡೂ ಒಂದೇ ರೀತಿ. ಕಡತದಲ್ಲಿ ಮಾತ್ರ ಒಂದು 3 ಬೈಟ್, ಇನ್ನೊಂದು 6 ಬೈಟ್. ಹ್ಯಾಶ್‌ಗೆ ಅವು ಬೇರೆ ಬೇರೆ ಹೆಸರುಗಳು, ಬೇರೆ ಬೇರೆ ಗೂಡುಗಳು. ಕೋಷ್ಟಕದಲ್ಲಿ ಒಂದು ರೂಪವಿದ್ದು ಪತ್ರದ ಮೇಲೆ ಇನ್ನೊಂದಿದ್ದರೆ ಹೊನ್ನಮ್ಮನವರು ಇದ್ದೂ ಇಲ್ಲದವರಾಗುತ್ತಾರೆ. ಇಂಥ ಎರಡು ರೂಪಗಳನ್ನು ಒಂದಾಗಿಸುವ ನಿಯಮವನ್ನು ಯುನಿಕೋಡ್ ಕೊಟ್ಟಿದೆ. ಕನ್ನಡ ವಿಳಾಸಗಳ ಕೋಷ್ಟಕ ಮಾಡುವ ಕೆಲಸ ನಿಮ್ಮಲ್ಲಿ ಯಾರ ಪಾಲಿಗಾದರೂ ಬಂದರೆ, ಸೂಚಿ ಕಟ್ಟುವ ಮೊದಲೇ ಹೆಸರುಗಳನ್ನು ಆ ನಿಯಮದ ಮೂಲಕ ಹಾಯಿಸಿ.

ಪ್ರಯೋಗ ಮಾಡಿ ನೋಡಬಯಸುವವರಿಗೆ ಎರಡು ಸಲಕರಣೆಗಳಿವೆ. ಪೋಸ್ಟ್‌ಫಿಕ್ಸ್‌ನಲ್ಲಿ ‘ಸಾಫ್ಟ್ ಬೌನ್ಸ್’ ಎಂಬ ಗುಂಡಿಯಿದೆ. ಅದನ್ನು ‘ಹೌದು’ ಎಂದಿಟ್ಟರೆ 5ರ ಉತ್ತರಗಳೆಲ್ಲ 4 ಆಗುತ್ತವೆ. ಹೊಸ ಕೋಷ್ಟಕದಲ್ಲಿ ತಪ್ಪಿದ್ದರೂ ಪತ್ರಗಳು ಕಳಿಸಿದವರ ಸರದಿಯಲ್ಲಿ ಕಾಯುತ್ತವೆ. ಎಲ್ಲ ಸರಿಯೆಂದು ಖಚಿತವಾದ ಮೇಲೆ ಅದನ್ನು ಮರೆಯದೆ ಹಿಂದಕ್ಕೆ ತಿರುಗಿಸಬೇಕು. ಇನ್ನೊಂದು ಸಲಕರಣೆ ಪೋಸ್ಟ್‌ಮ್ಯಾಪ್ ಆಜ್ಞೆಯೇ. ಅದಕ್ಕೆ ‘-ಕ್ಯೂ’ ಸೇರಿಸಿ, ಒಂದು ಹುಡುಕುಪದವನ್ನೂ ಕೋಷ್ಟಕದ ಬಗೆ ಮತ್ತು ಜಾಗವನ್ನೂ ಕೊಟ್ಟರೆ, ಸರ್ವರ್ ಕೇಳುವಂತೆಯೇ ಕೇಳಿ ಉತ್ತರವನ್ನು ಮುದ್ರಿಸುತ್ತದೆ. ಮೂರು ಸಾಲಿನ ಒಂದು ಕಡತ ಬರೆಯಿರಿ, ಸೂಚಿ ಕಟ್ಟಿರಿ, ಕೇಳಿರಿ. ಆಮೇಲೆ ನಾಲ್ಕನೆಯ ಸಾಲು ಸೇರಿಸಿ, ಸೂಚಿ ಕಟ್ಟದೆ ಆ ಹೊಸ ಹೆಸರನ್ನು ಕೇಳಿರಿ. ಪರದೆಯ ಮೇಲೆ ಉತ್ತರವೇ ಬರುವುದಿಲ್ಲ. ಈಗ ಪೋಸ್ಟ್‌ಮ್ಯಾಪ್ ಓಡಿಸಿ ಮತ್ತೊಮ್ಮೆ ಕೇಳಿರಿ.